ಇನ್ನೊಂದು ಡಬ್ಬಿ ಕಳಿಸು

ರಾಯಚೂರು, ಅಂದ್ರೂನ್ ಕಿಲ್ಲಾ
11-3-1987

ವಾಹಿದಾ ಭಾಬಿಗೆ ಸುಗ್ರಾಳ ಸಲಾಂ.

ಭಾನುವಾರ ಸುಖವಾಗಿ ಬಂದು ಮುಟ್ಟಿದೆ. ಗಬ್ಬೂರಿನಲ್ಲಿ ಬಸ್ಸು ಒಂದು ತಾಸು ನಿಂತಿತು. ಜೈತುನ್ ಎದ್ದ ಮೇಲೆ ಅತ್ತಳೇ? ಅವಳು ಮಲಗಿದ ಹೊತ್ತು ನೋಡಿಯೇ ಹೊರಟೆ. ಎಚ್ಚರವಿದ್ದಿದ್ದರೆ ನನಗೆ ಹೊಸ್ತಿಲು ದಾಟಲು ಆಗುತ್ತಿರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ, "ನಲವತ್ತು ದಿನದ ಸ್ನಾನ ಆಗೂದೇ ತಡ, ಓಡಾಕತ್ತಾಳ. ಇಕಿನ್ನ ಹಡದಾಕಿ ನಾನೋ, ಆ ಮಷೀನೋ?" ಎಂದದ್ದು ಇನ್ನೂ ಕಿವಿಯಲ್ಲಿದೆ.

ಮೋಜಿಗೆ ಓಡಿ ಬಂದವಳಲ್ಲ ನಾನು. ನಿಮಗೆ ಗೊತ್ತು. ಅಮೀರ್ ಸಾಬರಿಗೆ ವಯಸ್ಸಾಯಿತು. ರಂಜಾನ್ ಹಬ್ಬ ಮುಗಿದ ಮೇಲೆ ಹೈದರಾಬಾದಿನ ಮಗಳ ಮನೆಗೆ ಹೋಗಿ ಅಲ್ಲೇ ಇದ್ದುಬಿಡುತ್ತಾರೆ. ಶಾವಿಗೆ ಒತ್ತುವ ಮಷೀನು, ಅಂಗಡಿ ಎರಡನ್ನೂ ಯಾರಿಗೆ ಒಪ್ಪಿಸಬೇಕೆಂದು ನೋಡುತ್ತಿದ್ದಾರೆ. ಅವರ ಅಣ್ಣನ ಮಗ ಬೇರೆ ಕಾದು ಕೂತಿದ್ದಾನೆ. ನಾಲ್ಕು ವರ್ಷ ಅಲ್ಲಿ ಹಿಟ್ಟು ನಾದಿದವಳು ನಾನು. "ಹಬ್ಬದ ತನಕಾ ಒಂದು ದಿನಾನೂ ಬಾಗಿಲಾ ಮುಚ್ಚದಂಗ ನಡಸಿ ತೋರ್ಸು, ನಿನಗ ಬಿಟ್ಟು ಹೋಗ್ತೀನಿ" ಎಂದಿದ್ದಾರೆ. ನಮ್ಮ ಯಜಮಾನರಿಗೆ ಹತ್ತಿ ಮಿಲ್ಲಿನ ಪಾಳಿ. ಮನೆಯಲ್ಲಿ ಬೇರೆ ಯಾರಿದ್ದಾರೆ? ಅಂಗಡಿಯಲ್ಲಿ ಮೋಟರಿನ ಪಟ್ಟಾ ತಿರುಗುತ್ತದೆ, ಹಿಟ್ಟಿನ ಧೂಳು ಏಳುತ್ತದೆ. ಎಳೆಗೂಸನ್ನು ಎಲ್ಲಿ ಮಲಗಿಸಲಿ?

ಹಾಲಿನ ಪುಡಿಯ ಡಬ್ಬಿ ಗೂಡಿನಲ್ಲಿದೆ. ನೀರು ಕುದಿಸಿ ಆರಿಸಿ ಕಲಸಬೇಕು. ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ಹೆಸರಿಟ್ಟ ದಿನವೇ ಅಮ್ಮ ಮಾತು ಹಾಕಿದ್ದಾಳೆ, ಜೈತುನ್ ನಿಮ್ಮ ಮೌಲಾನ ದುಲ್ಹನ್ ಎಂದು. ಅದಕ್ಕೆ ಅವಳನ್ನು ನಿಮ್ಮ ಎದೆಗೆ ಮಾತ್ರ ಹಾಕಿಕೊಳ್ಳಬೇಡಿ. ಒಂದೇ ಎದೆಯ ಹಾಲು ಕುಡಿದವರು ಅಣ್ಣತಂಗಿ ಆಗಿಬಿಡುತ್ತಾರೆ, ಆಮೇಲೆ ನಿಕಾ ನಡೆಯುವುದಿಲ್ಲ. ನನ್ನ ಮಗಳು ನನ್ನ ತವರಿಗೇ ಸೊಸೆಯಾಗಿ ಹೋಗಬೇಕು ಎಂಬುದು ನನಗೂ ಆಸೆ.

ಶುಕ್ರವಾರ ಮಧ್ಯಾಹ್ನದ ಮೇಲೆ ಮಷೀನು ನಿಲ್ಲುತ್ತದೆ. ವಾರ ಬಿಟ್ಟು ವಾರ ಬಂದು ನೋಡಿಕೊಂಡು ಹೋಗುತ್ತೇನೆ.

ನಿಮ್ಮ ಸುಗ್ರಾ

*

ದೇವದುರ್ಗ
16-3-1987

ಸುಗ್ರಾ,

ನಿನ್ನ ಕಾಗದ ತಲುಪಿತು. ಅಮ್ಮನಿಗೆ ಓದಿ ಹೇಳಿದೆ. ಅವರು ಬಾಗಿಲಲ್ಲಿ ಬೈದದ್ದನ್ನು ಬಿಟ್ಟು ಓದಿದೆ.

ನೀನು ಹೋದ ಮೇಲೆ ಎರಡು ದಿನ ಜೈತುನ್ ಬಾಟಲಿ ಒಲ್ಲೆ ಅಂದಳು. ರಬ್ಬರಿನ ಮೊಲೆ ಬಾಯಿಗೆ ಇಟ್ಟರೆ ಮುಖ ತಿರುಗಿಸಿ ಕೂಗುತ್ತಿದ್ದಳು. ಈಗ ಸರಿಯಾಗಿದೆ. ಹೊಟ್ಟೆ ತುಂಬ ಕುಡಿಯುತ್ತಾಳೆ, ಮಲಗುತ್ತಾಳೆ. ನೀನು ಅವಳ ಚಿಂತೆ ಬಿಡು. ನನ್ನ ಕೈಯಲ್ಲಿ ಬಿಟ್ಟದ್ದು ಅಮಾನತ್. ನಮ್ಮ ಅಪ್ಪ ಹೇಳುತ್ತಿದ್ದ, ನಂಬಿ ಇಟ್ಟ ವಸ್ತುವಿನ ಮೇಲೆ ಧೂಳು ಕೂತರೂ ಇಟ್ಟುಕೊಂಡವರ ತಪ್ಪು ಎಂದು.

ಅಮ್ಮನ ಕಣ್ಣಿನ ಪೊರೆ ಹೆಚ್ಚಾಗಿದೆ. ಎರಡೂ ಕೂಸುಗಳನ್ನು ತಲೆ ಸವರಿ ಗುರುತು ಹಿಡಿಯುತ್ತಾರೆ. ಮೌಲಾನಿಗೆ ಕೂದಲು ದಟ್ಟ. ನಿನ್ನ ಅಣ್ಣ ಮೆಣಸಿನಕಾಯಿ ಕೊಳ್ಳಲು ಸಿರವಾರದ ಸಂತೆಗೆ ಹೋಗಿದ್ದಾರೆ. ಮೌಲಾ ನಾಲ್ಕು ತಿಂಗಳವನಾದ. ಏನು ಕೊಟ್ಟರೂ ನಗುತ್ತಾನೆ.

ವಾಹಿದಾ

*

ರಾಯಚೂರು
30-3-1987

ಭಾಬಿಗೆ ಸಲಾಂ.

ಎರಡು ಶುಕ್ರವಾರ ಬರಲಾಗಲಿಲ್ಲ. ಗಿರಾಕಿ ಬಹಳ. ಬೇಸಿಗೆ ಬಂತೆಂದರೆ ಹಿಂದೂಗಳ ಮನೆಯವರು ವರ್ಷಕ್ಕಾಗುವಷ್ಟು ಶಾವಿಗೆ ಒತ್ತಿಸಿಕೊಳ್ಳುತ್ತಾರೆ, ಅದರ ಬೆನ್ನಿಗೇ ನಮ್ಮ ರಂಜಾನ್. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯುವುದರೊಳಗೆ ಡಬ್ಬಿ, ಹಿಟ್ಟಿನ ಪರಾತಗಳು ಸಾಲಾಗಿ ಕೂತಿರುತ್ತವೆ, ಅವುಗಳ ಹಿಂದೆ ಹೆಂಗಸರು. ಮಾಳಿಗೆಯ ಮೇಲೆ ಬಿದಿರು ಕೋಲುಗಳಿಗೆ ಶಾವಿಗೆ ಇಳಿಬಿಟ್ಟಿರುತ್ತೇನೆ. ಗಾಳಿ ಬಂದರೆ ಎಲ್ಲ ಒಮ್ಮೆಗೇ ಅಲುಗುತ್ತವೆ. ನೋಡಬೇಕು ನೀವು.

ನಿನ್ನೆ ಬೂದೆಮ್ಮ ಎಂಬ ಮುದುಕಿ ತನ್ನ ಹಿಟ್ಟು ಹಿಡಿದು ಬಂದು, "ಏನ್ಬೇ, ಮಷೀನಿನ್ಯಾಕಿ ನೀನಾ? ಗಂಡಸರ್ಯಾರೂ ಇಲ್ಲೇನು?" ಎಂದಳು. "ಗಂಡಸರು ತಿನ್ನಾಕ ಬರ್ತಾರಬೇ, ಒತ್ತಾಕ ಅಲ್ಲ" ಎಂದೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಮೀರ್ ಸಾಬರೂ ನಕ್ಕರು. ಆದರೆ ಅವರು ನಗುವುದು ಕಡಿಮೆ. ಮೊದಲ ದಿನವೇ ಹೇಳಿದರು, "ಒಂದು ಕೂಸು ಹಡದಿ, ಇದು ಎರಡನೇದು. ಯಾವುದು ಜಾಸ್ತಿ ಅಳ್ತದ ನೋಡೂಣು."

ಮೊದಲ ವಾರ ಹಾಲು ಕಟ್ಟಿ ಎದೆ ಕಲ್ಲಾಗಿ ಜಂಪರ್ ಒದ್ದೆಯಾಗುತ್ತಿತ್ತು. ಬಟ್ಟೆ ಬಿಗಿದು ಕಟ್ಟಿಕೊಂಡು ನಿಲ್ಲುತ್ತಿದ್ದೆ. ಈಗ ಇಲ್ಲ. ಮುಗಿಯಿತು ಕಾಣುತ್ತದೆ.

ಜೈತುನ್ ಬಗ್ಗೆ ಇನ್ನಷ್ಟು ಬರೆಯಿರಿ. ಎರಡು ಸಾಲು ಬರೆದು ಮುಗಿಸುತ್ತೀರಿ.

ಸುಗ್ರಾ

*

ದೇವದುರ್ಗ
7-4-1987

ಸುಗ್ರಾ,

ಜೈತುನ್ ಕತ್ತು ನಿಲ್ಲಿಸುತ್ತಾಳೆ. ಎಡಗಿವಿಯ ಹಿಂದೆ ಕೆಂಪಾಗಿತ್ತು, ಕೊಬ್ಬರಿ ಎಣ್ಣೆ ಹಚ್ಚಿದೆ, ಹೋಯಿತು. ಯಾರಾದರೂ ಜೋರಾಗಿ ಮಾತಾಡಿದರೆ ಹುಬ್ಬು ಗಂಟಿಕ್ಕುತ್ತಾಳೆ, ಥೇಟ್ ನಿನ್ನ ಹಾಗೆ. ತೊಡೆಯಲ್ಲಿ ಮಡಿಕೆ ಬಿದ್ದಿವೆ.

ಡಬ್ಬಿ ಖಾಲಿಯಾಗುತ್ತ ಬಂತು. ಇನ್ನೊಂದು ಕಳಿಸು.

ಪಕ್ಕದ ಮನೆಯ ಕರೆಮ್ಮ ನಿನ್ನ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮೇಲಿರುವ ಗುಂಡುಕೂಸಿನ ಚಿತ್ರ ತೋರಿಸಿ, "ಯವ್ವಾ, ಇದು ಈ ಹಾಲು ಕುಡದು ದಪ್ಪ ಆಗ್ಯಾದೋ, ಚಿತ್ರ ಬರದಾಂವ ದಪ್ಪ ಬರದಾನೋ?" ಎಂದಳು. ನಮ್ಮ ಆಡಿನ ಹಾಲು ತಗೋ ಅಂದಳು. ಸುಗ್ರಾ ಇದನ್ನೇ ಕೊಡು ಎಂದಿದ್ದಾಳೆ ಎಂದೆ.

ಮೌಲಾ ಚೆನ್ನಾಗಿದ್ದಾನೆ.

ಬರುವ ಶುಕ್ರವಾರವಾದರೂ ಬಾ. ಅಮ್ಮ ದಿನಾ ಕೇಳುತ್ತಾರೆ.

ವಾಹಿದಾ

*

ರಾಯಚೂರು
27-4-1987

ಭಾಬಿಗೆ ಸಲಾಂ.

ನಮ್ಮ ಯಜಮಾನರು ಎರಡು ಡಬ್ಬಿ ಹಿಡಿದು ದೇವದುರ್ಗಕ್ಕೆ ಬಂದು ಹೋದರಲ್ಲ, ಅವತ್ತಿನಿಂದ ಅವರ ಬಾಯಿಯಲ್ಲಿ ಮಗಳದ್ದೇ ಮಾತು. ಹಿಟ್ಟಿನ ಉಂಡೆಯಂತಾಗಿದ್ದಾಳಂತೆ. ಆ ಪುಡಿ ಬರೀ ಆಸೆಗೆ ಮಾರುವುದಲ್ಲ, ಗುಣವಿದೆ ಎಂದು ಇಲ್ಲಿ ಎಲ್ಲರಿಗೂ ಹೇಳುತ್ತಿದ್ದೇನೆ. ಮೌಲಾ ಸ್ವಲ್ಪ ಇಳಿದಿದ್ದಾನೆ ಎಂದರು. ಹಲ್ಲು ಬರುವ ಹೊತ್ತು, ಹಾಗೇ ಆಗುತ್ತದೆ. ಒಂದು ಡಬ್ಬಿ ಅವನಿಗೂ ಇರಲಿ ಎಂದೇ ಎರಡು ಕಳಿಸಿದ್ದು.

ಇನ್ನು ಮೂರು ನಾಲ್ಕು ದಿನಕ್ಕೆ ರಂಜಾನ್. ಅಮೀರ್ ಸಾಬರ ಅಣ್ಣನ ಮಗ ಈಗ ದಿನಾ ಬಂದು ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಾನೆ. ನಾನು ನೀರು ಕುಡಿಯಲು ಹೋದರೂ, "ಏನ್ರೀ ಬಾಯಿ, ಮನಿಗಿ ಹೊಂಟ್ರೇನು?" ಎಂದು ಕೇಳುತ್ತಾನೆ. ಈ ಒಂದು ತಿಂಗಳು ದಾಟಿದರೆ ಸಾಕು. ಮಷೀನು ನಮ್ಮದಾದರೆ ನಮಗೇ ಸೇರಿದ ಬಾಗಿಲು, ನಮಗೇ ಸೇರಿದ ಬೀಗ. ಜೈತುನ್‌ಗೆ ಹಿಂದಿನ ಕೋಣೆಯಲ್ಲಿ ತೊಟ್ಟಿಲು ಕಟ್ಟುತ್ತೇನೆ. ಹಬ್ಬದ ಚಂದ್ರ ಕಾಣುವ ತನಕ ನನ್ನನ್ನು ಕರೆಯಬೇಡಿ ಭಾಬಿ. ಕರೆದರೆ ಬಂದುಬಿಡುತ್ತೇನೆ.

ಸುಗ್ರಾ

*

ದೇವದುರ್ಗ
6-5-1987

ಸುಗ್ರಾ,

ಇಲ್ಲಿ ಬಿಸಿಲು ಕೆಂಡ. ಮಧ್ಯಾಹ್ನ ಅಂಗಳಕ್ಕೆ ಕಾಲಿಟ್ಟರೆ ಬೊಬ್ಬೆ ಏಳುತ್ತದೆ. ಬಾವಿಯ ನೀರು ತಳಕ್ಕೆ ಇಳಿದು ಬಣ್ಣ ಬದಲಾಗಿದೆ.

ನಾನೂ ರೋಜಾ ಹಿಡಿಯುತ್ತಿದ್ದೇನೆ, ಹಗಲೆಲ್ಲ ಹನಿ ನೀರೂ ಇಲ್ಲ. ಹಾಲೂಡಿಸುವವರಿಗೆ ಮಾಫಿ ಇದೆಯಲ್ಲ ಎಂದು ಅಮ್ಮನನ್ನು ಕೇಳಿದೆ. "ಒಂದೇ ಕೂಸು, ಅದೂ ಐದಾರು ತಿಂಗಳದು. ನಾವು ಎರಡೆರಡು ಕಟಕೊಂಡು ರೋಜಾ ಹಿಡದೀವಿ" ಎಂದರು.

ಉರುವಲು ಕಡಿಮೆ. ಬೆಳಗಿನ ಜಾವದ ಸಹರಿ ಊಟಕ್ಕೆ ಒಮ್ಮೆ ಒಲೆ ಹೊತ್ತಿಸಿದರೆ ಮತ್ತೆ ರೋಜಾ ಬಿಡುವ ಸಂಜೆಗೇ. ಬಾಟಲಿಯ ಹಾಲನ್ನೂ ಸಹರಿಯ ಹೊತ್ತಿಗೇ ಕಲಸಿ ತುಂಬಿ ಇಡುತ್ತೇನೆ. ಮಧ್ಯಾಹ್ನಕ್ಕೂ ಅದೇ ಆಗುತ್ತದೆ.

ಜೈತುನ್ ನಿನ್ನೆ ಮಗ್ಗುಲಾದಳು. ಮೌಲಾ ಅವಳನ್ನು ನೋಡಿ ಕೈ ಬಡಿದ. ಅವನಿಗೆ ಎರಡು ದಿನದಿಂದ ಸ್ವಲ್ಪ ಹೊಟ್ಟೆ ಸರಿಯಿಲ್ಲ. ಬಿಸಿಲಿಗೆ ಇರಬೇಕು.

ವಾಹಿದಾ

*

ರಾಯಚೂರು
16-5-1987

ಭಾಬಿ,

ಕಾರ್ಡಿನಲ್ಲಿ ಎರಡೇ ಮಾತು. ಪುರುಸೊತ್ತಿಲ್ಲ. ದಿನಕ್ಕೆ ಮೂರು ಸಲ ಕರೆಂಟ್ ಹೋಗುತ್ತದೆ, ಹೋದಾಗ ಕೈಯಲ್ಲೇ ತಿರುಗಿಸುತ್ತೇವೆ. ಭುಜ ಬಿದ್ದುಹೋಗಿದೆ. ಜೈತುನ್ ಮಗ್ಗುಲಾದದ್ದನ್ನು ಮೂರು ಮಂದಿಗೆ ಓದಿ ಹೇಳಿದೆ. ಮೌಲಾನಿಗೆ ಓಮಿನ ನೀರು ಕುಡಿಸಿ, ಹೋಗುತ್ತದೆ. ಅಮ್ಮನಿಗೆ ನನ್ನ ಸಲಾಂ. ಇನ್ನು ಎರಡು ವಾರ.

ಸುಗ್ರಾ

*

ದೇವದುರ್ಗ
25-5-1987

ಸುಗ್ರಾ,

ಹಬ್ಬದ ಸಲಾಂ ಮುಂಚಿತವಾಗಿ.

ಜೈತುನ್ ಚೆನ್ನಾಗಿದ್ದಾಳೆ. ಅಮ್ಮ ಇದ್ದಾರೆ. ನಿನ್ನ ಅಣ್ಣ ಊರಲ್ಲೇ ಇದ್ದಾರೆ, ಸಂತೆಗೆ ಹೋಗಿಲ್ಲ.

ಪುಡಿ ಇನ್ನು ಕಳಿಸಬೇಡ.

ವಾಹಿದಾ

*

ರಾಯಚೂರು
1-6-1987

ನನ್ನ ಪ್ರೀತಿಯ ಭಾಬಿಗೆ, ಅಮ್ಮನಿಗೆ, ನಮ್ಮ ಅಣ್ಣ ಗುಡು ಭಾಯಿಗೆ, ಎಲ್ಲರಿಗೂ ಈದ್ ಮುಬಾರಕ್.

ಭಾಬಿ, ಮಷೀನು ನನ್ನದು! ಹಬ್ಬದ ಮರುದಿನ ಅಮೀರ್ ಸಾಬರು ನಾಲ್ಕು ಜನರೆದುರು ಕೀಲಿಕೈ ನನ್ನ ಕೈಯಲ್ಲಿಟ್ಟರು. ಅಣ್ಣನ ಮಗ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. "ಗೆದ್ದಿ ಬೇಟಿ, ಈಗ ಹೋಗಿ ಮೊದಲನೇ ಕೂಸು ಕರ್ಕೊಂಬಾ" ಎಂದರು ಸಾಬರು. ಎಷ್ಟು ತಡೆದರೂ ಕಣ್ಣೀರು ನಿಲ್ಲಲಿಲ್ಲ. ಎಂಬತ್ತು ದಿನ ಒಂದು ದಿನವೂ ಬಾಗಿಲು ಮುಚ್ಚಲಿಲ್ಲ ನಾನು.

ಪುಡಿ ಬೇಡ ಅಂದಿರಿ. ಅನ್ನದ ತಿಳಿ ಶುರು ಮಾಡಿದಿರಾ? ಇಷ್ಟು ಬೇಗ ಬೆಳೆದಳಲ್ಲ. ಮೌಲಾನ ಸುದ್ದಿಯೇ ಬರೆದಿಲ್ಲ. ನನ್ನ ಅಳಿಯನನ್ನು ಬಚ್ಚಿಡುತ್ತೀರೇನು? ಅವನಿಗೆ ಜರಿಯ ಟೋಪಿ, ಅವಳಿಗೆ ಹಳದಿ ಫ್ರಾಕು ತೆಗೆದಿಟ್ಟಿದ್ದೇನೆ. ಶುಕ್ರವಾರ, ಐದನೇ ತಾರೀಖು, ಮೊದಲ ಬಸ್ಸಿಗೇ ಬರುತ್ತೇನೆ. ಈ ಸಲ ಸುಳ್ಳಲ್ಲ.

ನಿಮ್ಮ ಸುಗ್ರಾ

*

ದೇವದುರ್ಗ
3-6-1987

ಸುಗ್ರಾ,

ನೀನು ಹೊರಡುವ ಮೊದಲೇ ಸಿಗಲಿ ಎಂದು ಇದನ್ನು ಬಸ್ಸಿನವರ ಕೈಯಲ್ಲಿ ಕಳಿಸುತ್ತಿದ್ದೇನೆ. ಟೋಪಿ ತರಬೇಡ.

ಮೌಲಾ ಇಲ್ಲ. ಮೇ ಹತ್ತೊಂಬತ್ತು, ಮಂಗಳವಾರ, ಬಿಸಿಲು ಇಳಿಯುವ ಹೊತ್ತಿಗೆ ಹೋದ. ಹದಿನೈದು ದಿನ ಹೊಟ್ಟೆ ಕಟ್ಟಲಿಲ್ಲ. ಕೊನೆಯ ಎರಡು ದಿನ ಅಳಲೂ ಇಲ್ಲ. ಆಸ್ಪತ್ರೆಯ ಡಾಕ್ಟರು ಕಣ್ಣಿನ ರೆಪ್ಪೆ ಎತ್ತಿ ನೋಡಿ, ನೀರೋ ಹಾಲೋ ಯಾವುದೋ ಕೆಟ್ಟದ್ದು ಹೊಟ್ಟೆಗೆ ಹೋಗಿದೆ, ತಡ ಮಾಡಿದಿರಿ ಎಂದರು.

ನಿನ್ನ ಅಣ್ಣ ನಿನಗೆ ತಾರು ಕೊಡುತ್ತೇನೆಂದು ಎದ್ದಿದ್ದರು. ನಾನೇ ಬೇಡ ಎಂದೆ. ಅವಳ ಮಷೀನು ಹೋಗುತ್ತದೆ, ಹಬ್ಬ ಆಗಲಿ ಎಂದೆ. ಅದು ಅರ್ಧ ನಿಜ. ಇನ್ನರ್ಧ ಇವತ್ತು ಬರೆಯುತ್ತೇನೆ.

ಜೈತುನ್ ಬಾಟಲಿಯನ್ನು ಒಂದು ದಿನವೂ ಮುಟ್ಟಲಿಲ್ಲ. ನೀನು ಹೋದ ಎರಡನೇ ದಿನ ಅವಳ ಬಾಯಿ ಒಣಗಿ, ನೆತ್ತಿ ಗುಳಿ ಬಿದ್ದಿತ್ತು. ಕರೆಮ್ಮ ನೋಡಿ, "ಎದಿಗಿ ಹಾಕ್ಕೋತೀಯೋ, ಮಣ್ಣಿಗಿ ಹಾಕ್ತೀಯೋ?" ಎಂದಳು. ಅಡುಗೆಮನೆಯ ಬಾಗಿಲು ಹಾಕಿಕೊಂಡು ಕುಡಿಸಿದೆ. ಅವತ್ತೇ ಅವಳು ಮೌಲಾನ ತಂಗಿಯಾದಳು, ನನ್ನ ಮಗಳಾದಳು. ನೀನು ಬೇಡ ಎಂದು ಬರೆದ ಕಾಗದ ಮೂರು ದಿನದ ಮೇಲೆ ಬಂತು. ಅದನ್ನು ಅಮ್ಮನಿಗೆ ಓದುತ್ತಿದ್ದಾಗ ಜೈತುನ್ ನನ್ನ ಸೆರಗಿನೊಳಗೇ ಇದ್ದಳು.

ಮದುವೆಯ ಮಾತು ಮುರಿದೆ ಎಂದು ಹೇಳಲು ಬಾಯಿ ಬರಲಿಲ್ಲ. ಮೊದಮೊದಲು ಇಬ್ಬರಿಗೂ ಹಾಲು ಸಾಲುತ್ತಿತ್ತು. ಆಮೇಲೆ ಸಾಲಲಿಲ್ಲ. ಅವಳು ಬಾಟಲಿ ಒಲ್ಲಳು, ಮೌಲಾ ಏನು ಕೊಟ್ಟರೂ ಕುಡಿಯುತ್ತಿದ್ದ. ಅವನು ಮಾಡಿದ ತಪ್ಪು ಅದೊಂದೇ. ಅಮಾನತ್ತಿಗೆ ಎದೆ ಕೊಟ್ಟು ನನ್ನದಕ್ಕೆ ಬಾಟಲಿ ಕೊಟ್ಟೆ. ನಿನ್ನ ಡಬ್ಬಿಗಳನ್ನೆಲ್ಲ ಕುಡಿದವನು ಅವನು. ರೋಜಾದಲ್ಲಿ ನನ್ನ ಹಾಲು ಇನ್ನೂ ಇಳಿಯಿತು. ಇಬ್ಬರಿಗೆ ಕುಡಿಸುತ್ತಿದ್ದೇನೆ ಎಂದು ಹೇಳಿದ್ದರೆ ಅಮ್ಮ ರೋಜಾ ಬಿಡಿಸುತ್ತಿದ್ದರೋ ಏನೋ. ಹೇಳಲಿಲ್ಲ. ಸಹರಿಗೆ ಕಲಸಿದ ಹಾಲನ್ನು ಆ ಬಿಸಿಲಲ್ಲಿ ಮಧ್ಯಾಹ್ನದ ತನಕ ಇಟ್ಟು ಅವನಿಗೆ ಕೊಟ್ಟೆ. ಹುಳಿ ವಾಸನೆ ಬಂದದ್ದು ನನಗೆ ಗೊತ್ತಾಗಲಿಲ್ಲ. ಬಾಯಲ್ಲಿ ಒಂದು ಹನಿ ಹಾಕಿಕೊಂಡು ನೋಡಬಹುದಿತ್ತು. ರೋಜಾ ಇತ್ತು.

ಶುಕ್ರವಾರ ಬಾ. ಮಗಳನ್ನು ಕರೆದುಕೊಂಡು ಹೋಗು.

ವಾಹಿದಾ

*

ರಾಯಚೂರು
10-6-1987

ಭಾಬಿ,

ಶುಕ್ರವಾರ ಹೊರಟಿದ್ದೆ. ಬಸ್ಸಿನಲ್ಲಿ ಕೂತು ನಿಮ್ಮ ಕಾಗದವನ್ನು ಮತ್ತೆ ಓದಿದೆ. ಗಬ್ಬೂರಿನಲ್ಲಿ ಇಳಿದು, ಎದುರಿಗೆ ಬಂದ ಬಸ್ಸು ಹತ್ತಿ ಮರಳಿ ಬಂದೆ. ನಿಮ್ಮ ಮುಖ ನೋಡುವ ಧೈರ್ಯ ಬರಲಿಲ್ಲ.

ನಿಮ್ಮ ಹಳೆಯ ಕಾಗದಗಳನ್ನೆಲ್ಲ ತೆಗೆದು ನೋಡಿದೆ. ಮೇ ಆರರದ್ದರಲ್ಲಿ ನೀವು ಬರೆದಿದ್ದೀರಿ, ಹಾಲು ಸಹರಿಗೇ ಕಲಸಿ ಇಡುತ್ತೇನೆ ಎಂದು. ಮಧ್ಯಾಹ್ನಕ್ಕೂ ಅದೇ ಎಂದು. ಕುಡಿಯುವವಳು ನನ್ನ ಮಗಳು ಎಂದೇ ಆಗ ತಿಳಿದಿದ್ದೆ. ಆದರೂ ಓದಿದೆ, ಮಡಚಿದೆ, ಹಿಟ್ಟಿನ ಡಬ್ಬಿಯ ಮೇಲಿಟ್ಟೆ. ಉಳಿದ ಹಿಟ್ಟು ಬಿಸಿಲಿಗೆ ಎರಡು ತಾಸಿನಲ್ಲಿ ಹುಳಿಯಾಗುತ್ತದೆ ಎಂದು ದಿನಾ ಬೇರೆಯವರಿಗೆ ಬೈಯುವವಳು ನಾನು. ನನಗೆ ತಿಳಿಯಬೇಕಿತ್ತು.

ಇನ್ನೊಂದು. ಗಿರಾಕಿ ಬಹಳ ಎಂದು ಬರೆದದ್ದು ಎಲ್ಲ ಸಲ ನಿಜವಲ್ಲ. ಎರಡು ಶುಕ್ರವಾರ ಮಧ್ಯಾಹ್ನದಿಂದ ಮರುದಿನ ನಸುಕಿನ ತನಕ ಮಲಗಿಬಿಟ್ಟಿದ್ದೆ. ಕೆಲವು ದಿನ ಸಂಜೆಯ ತನಕ ಮಗಳ ನೆನಪೇ ಬರುತ್ತಿರಲಿಲ್ಲ. ನೆನಪಾದಾಗ ಹೆದರಿಕೆಯಾಗುತ್ತಿತ್ತು. ಯಾರಿಗೂ ಹೇಳಿಲ್ಲ.

ಮದುವೆಯ ಮಾತಿಗೆ ಇಷ್ಟು ಹೆದರಿದಿರಲ್ಲ ಭಾಬಿ. ಅಮ್ಮ ಖುಷಿಯಾಗಲಿ ಎಂದು ಬರೆದಿದ್ದೆ ನಾನು.

ನಾನೂ ಇವರೂ ಮಾತಾಡಿದ್ದೇವೆ. ಜೈತುನ್ ನಿಮ್ಮವಳು. ನಿಮ್ಮದು ನನ್ನಿಂದ ಹೋಯಿತು, ನನ್ನದು ನೀವು ಇಟ್ಟುಕೊಳ್ಳಿ. ನಾಲ್ಕು ಜನರೆದುರು ಹೇಳುತ್ತೇನೆ. ಕೇಳಲು ಎಂದೂ ಬರುವುದಿಲ್ಲ.

ಸುಗ್ರಾ

*

ದೇವದುರ್ಗ
16-6-1987

ಸುಗ್ರಾ,

ಅಮ್ಮನಿಗೆ ಎಲ್ಲ ಹೇಳಿದೆ. ಹೊಡೆಯುತ್ತಾರೆ ಎಂದುಕೊಂಡಿದ್ದೆ. ಜೈತುನ್ ತಲೆ ಸವರುತ್ತ, "ನನಗ ಹೇಳಿದ್ರ ರೋಜಾ ಬಿಡಸ್ತಿದ್ನಲ್ಲೇ ಹುಚ್ಚಿ. ಮದುವಿ ಹೋದ್ರ ಹೋಗ್ತಿತ್ತು" ಎಂದರು. ಅಷ್ಟೇ. ಆ ಮಾತಿಗಿಂತ ಹೊಡೆದಿದ್ದರೆ ಒಳ್ಳೆಯದಿತ್ತು.

ನಿನ್ನ ಕಾಗದ ಓದಿದೆ. ಒಂದಕ್ಕೆ ಒಂದು ಎಂದು ಕೊಡಲು ಇವು ಶಾವಿಗೆಯ ಪರಾತಗಳಲ್ಲ. ಹಾಲಿನಿಂದ ಅವಳು ನನಗೆ ಆಗಲೇ ಮಗಳು. ನೀನು ಕೊಡುವುದಕ್ಕೆ ಏನೂ ಉಳಿದಿಲ್ಲ.

ನಾನು ಬರೆಯಲು ಕೂತದ್ದು ಬೇರೆ. ಇಷ್ಟು ದಿನವೂ ಅವಳಿಗೆ ನಾನೇ ಕುಡಿಸುತ್ತಿದ್ದೇನೆ. ಈಗ ಹಾಲು ಬೇಕಾದಷ್ಟಿದೆ, ಕುಡಿಯುವವಳು ಒಬ್ಬಳೇ. ಅವಳು ಎದೆಗೆ ಬಂದಾಗ ಇನ್ನೊಂದು ಕೈಯಲ್ಲಿ ನಾನು ಬಾಟಲಿ ಹಿಡಿದಂತೆ ಆಗುತ್ತದೆ. ಮೊನ್ನೆ ಮಧ್ಯಾಹ್ನ ಅವಳು ಹಸಿದು ಅತ್ತಳು. ನಾನು ಎತ್ತಿಕೊಳ್ಳಲಿಲ್ಲ. ಕಂಬಕ್ಕೆ ಒರಗಿ ನಿಂತು ನೋಡಿದೆ. ಅಳಲಿ, ಅವನೂ ಅತ್ತಿದ್ದ ಎಂದುಕೊಂಡೆ. ಕರೆಮ್ಮ ಓಡಿ ಬಂದು ಎತ್ತಿಕೊಂಡು, "ಏ ಯವ್ವಾ, ಕೂಸಿನ ಮ್ಯಾಲ ಹಗಿ ಸಾಧಸ್ತಾರೇನು?" ಎಂದಳು. ಎಷ್ಟು ಹೊತ್ತು ನಿಂತಿದ್ದೆನೋ ನನಗೇ ಗೊತ್ತಿಲ್ಲ.

ಅವಳು ಇನ್ನು ಇಲ್ಲಿರಬಾರದು. ನೀನು ಬರುವುದಿಲ್ಲ, ಆದ್ದರಿಂದ ನಾನೇ ತರುತ್ತೇನೆ. ಶುಕ್ರವಾರ, ಹತ್ತೊಂಬತ್ತು, ಬೆಳಗಿನ ಬಸ್ಸು. ನಿಲ್ದಾಣದಲ್ಲಿ ನಿಂತಿರು. ನಿಮ್ಮ ಮನೆಗೆ ಬರುವುದಿಲ್ಲ. ಅಲ್ಲಿಂದಲೇ ಮಾನ್ವಿಯ ಬಸ್ಸು ಹಿಡಿದು ತವರಿಗೆ ಹೋಗುತ್ತೇನೆ.

ವಾಹಿದಾ

*

ರಾಯಚೂರು
24-6-1987

ಭಾಬಿ, ಮಾನ್ವಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ.

ಅವತ್ತು ನಿಲ್ದಾಣದಲ್ಲಿ ಕೂಸನ್ನು ನನ್ನ ಕೈಯಲ್ಲಿಟ್ಟು, ಅವಳ ಮುಷ್ಟಿಯಿಂದ ನಿಮ್ಮ ಸೆರಗು ಬಿಡಿಸಿಕೊಂಡು ಹೋದಿರಿ. ನಿಮ್ಮ ಬಸ್ಸು ತಿರುಗುವ ತನಕ ಅವಳು ಆ ಕಡೆಯೇ ನೋಡುತ್ತಿದ್ದಳು. ಆಮೇಲೆ ನನ್ನ ಮುಖ ನೋಡಿದಳು. ನಾನು ಯಾರು ಎಂದು ಅವಳಿಗೆ ಗೊತ್ತಿಲ್ಲ.

ಬಾಟಲಿ ಮುಟ್ಟುವುದಿಲ್ಲ. ಒಣಗಿದ ಎದೆಗೆ ಹಾಕಿಕೊಂಡೆ. ಎರಡು ಸಲ ಎಳೆದು ಬಿಟ್ಟು, ಚೀರಿದಳು. ಹಿಂದಿನ ಕೋಣೆಯಲ್ಲಿ ತೊಟ್ಟಿಲು ಕಟ್ಟಿದ್ದೇನೆ. ಮಷೀನಿನ ಸದ್ದಿಗೆ ಬೆಚ್ಚುತ್ತಾಳೆ. ಬೂದೆಮ್ಮ ಬಂದು, "ಮಗಳಾ ಇದು? ನಿನ್ನ ಕೈಯಾಗ ಕಳವು ಮಾಡಿದ ಕೂಸಿನಂಗ ಅಳಾಕತ್ತದಲ್ಲಬೇ" ಎಂದಳು. ತಮಾಷೆಗೆ ಅಂದದ್ದು. ಸಾಲಿನಲ್ಲಿ ಯಾರೂ ನಗಲಿಲ್ಲ.

ಒಂದು ವಾರಕ್ಕೆ ಬನ್ನಿ ಭಾಬಿ. ನನ್ನ ಹತ್ತಿರ ಮಾತಾಡಬೇಡಿ. ಅವಳಿಗಾಗಿ ಬನ್ನಿ.

ಸುಗ್ರಾ

*

ರಾಯಚೂರು
29-6-1987

ಭಾಬಿ,

ಉತ್ತರ ಬರಲಿಲ್ಲ. ಇವತ್ತು ಅಂಗಡಿ ಮುಚ್ಚಿದೆ. ಚಮಚದಲ್ಲಿ ಹಾಕಿದರೆ ನಾಲ್ಕು ಚಮಚ ನುಂಗುತ್ತಾಳೆ, ಎರಡು ಉಗುಳುತ್ತಾಳೆ. ತೊಡೆಯ ಮಡಿಕೆ ಸಡಿಲಾಗಿವೆ. ನೆತ್ತಿ ಮುಟ್ಟಿ ನೋಡುವುದೇ ಒಂದು ಕೆಲಸವಾಗಿದೆ ನನಗೆ. ಡಾಕ್ಟರಿಗೆ ತೋರಿಸಿದೆ, ರೂಢಿಯಾಗುತ್ತದೆ ಎನ್ನುತ್ತಾರೆ. ಎಷ್ಟು ದಿನಕ್ಕೆ ಎಂದು ಹೇಳುವುದಿಲ್ಲ.

ಭಾನುವಾರ ಅವಳನ್ನು ಎತ್ತಿಕೊಂಡು ಮಾನ್ವಿಗೆ ಬರುತ್ತೇನೆ. ಬಾಗಿಲು ತೆಗೆಯಿರಿ.

ಸುಗ್ರಾ

*

ಮಾನ್ವಿ
2-7-1987

ಸುಗ್ರಾ,

ಬರಬೇಡ. ಇಲ್ಲಿ ಹಾಲಿಲ್ಲ.

ಬಂದ ಮರುದಿನವೇ ನನ್ನ ತಾಯಿ ಮಲ್ಲಿಗೆಯ ದಂಡೆ ತರಿಸಿ ನನ್ನ ಎದೆಗೆ ಕಟ್ಟಿದಳು. ಹಾಲು ಬತ್ತಲು ಹಾಗೆ ಮಾಡುತ್ತಾರೆ. ಬೆಳಿಗ್ಗೆ ಒಂದು, ಸಂಜೆ ಒಂದು. ದಿನಾ ಹೂವು ಒಯ್ಯುವುದನ್ನು ನೋಡಿ ಹೂವಾಡಗಿತ್ತಿ, ನಿಮ್ಮ ಮನೆಯಲ್ಲಿ ಯಾರ ಮದುವೆ ಎಂದು ಕೇಳಿದಳಂತೆ. ಮೊದಲ ನಾಲ್ಕು ದಿನ ಜ್ವರ ಬಂತು. ಒಂಬತ್ತನೇ ದಿನಕ್ಕೆ ನಿಂತಿತು. ನಿನ್ನ ಇಪ್ಪತ್ನಾಲ್ಕನೆಯ ಕಾಗದ ಬಂದಾಗ ಇನ್ನೂ ಸ್ವಲ್ಪ ಇತ್ತು. ದಂಡೆ ಬಿಚ್ಚಿ ಬಸ್ಸು ಹತ್ತಬಹುದಿತ್ತು. ಬಿಚ್ಚಲಿಲ್ಲ. ಇದನ್ನೂ ಬಚ್ಚಿಡಬಾರದೆಂದು ಬರೆಯುತ್ತಿದ್ದೇನೆ.

ಈಗ ಕೇಳು. ಬಾಟಲಿಯನ್ನು ಅವಳ ಕಣ್ಣಿಗೆ ಬೀಳದಂತೆ ತೆಗೆದುಬಿಡು. ಅಕ್ಕಿ ಬೇಯಿಸಿ, ತಿಳಿ ಬಸಿದು, ಉಗುರುಬೆಚ್ಚಗಿರುವಾಗ ಬೆಳ್ಳಿಯದೋ ಹಿತ್ತಾಳೆಯದೋ ಚೂಪು ಮೂತಿಯ ಒಳಲೆಯಲ್ಲಿ ಕುಡಿಸು. ನಿನ್ನ ಮುಖ ಅವಳಿಗೆ ಕಾಣಬಾರದು. ಬೆನ್ನನ್ನು ನಿನ್ನ ಎದೆಗೆ ಒರಗಿಸಿಕೊಂಡು, ಬೀದಿಯ ಕಡೆ ತಿರುಗಿಸಿ ಕೂರಿಸಿಕೋ. ಎಡಗಿವಿಯ ಹಿಂದೆ ಮೆಲ್ಲಗೆ ಸವರಿದರೆ ಬಾಯಿ ತೆರೆಯುತ್ತಾಳೆ. ಪ್ರತಿ ಸಲ ಹೊಸದಾಗಿ ಮಾಡು. ಮಾಡಿದ್ದನ್ನು ಮೊದಲು ನೀನು ನಾಲಿಗೆಗೆ ಹಚ್ಚಿ ನೋಡು. ಉಳಿದದ್ದು ಎಷ್ಟೇ ಇರಲಿ, ಚೆಲ್ಲು.

ದೇವದುರ್ಗಕ್ಕೆ ಯಾವಾಗ ಹೋಗುತ್ತೇನೋ ತಿಳಿಯದು. ನಿನ್ನ ಅಣ್ಣ ಎರಡು ಸಲ ಬಂದು ಅಂಗಳದಲ್ಲಿ ಕೂತು ಹೋದರು.

ಅವಳು ಕುಡಿದಳೋ ಇಲ್ಲವೋ ಎಂದು ನನಗೆ ಬರೆಯಬೇಡ. ಕುಡಿದಳು ಎಂದೇ ತಿಳಿದುಕೊಂಡಿರುತ್ತೇನೆ.

ವಾಹಿದಾ